ತಂತಿಗೆ ತೆಂಗಿನೆಣ್ಣೆ

ನಮ್ಮ ಮನೆಯಲ್ಲಿ ಎರಡು ಪಿಯಾನೊ ಇದ್ದವು ಎಂದರೆ ಜನ ನಮ್ಮನ್ನು ಏನೋ ದೊಡ್ಡ ಸಾಹುಕಾರರು ಎಂದುಕೊಂಡಾರು. ಎಂಥ ಸಾಹುಕಾರಿಕೆ! ಚೆಂಬೂರಿನಲ್ಲಿ ತಳ ಅಂತಸ್ತಿನ ಎರಡು ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಹಾಲ್‌ನ ಅರ್ಧವನ್ನು ಒಂದು ಕರಿಯ ಗ್ರ್ಯಾಂಡ್ ಪಿಯಾನೊ ನುಂಗಿ ಕೂತಿತ್ತು. ಉಳಿದರ್ಧದಲ್ಲಿ ಊಟ, ಟಿ.ವಿ., ಬಂದವರು ಹೋದವರು, ಮತ್ತೆ ಜಗಳ. ಜಗಳಕ್ಕೆ ಮಾತ್ರ ನಮ್ಮಲ್ಲಿ ಯಾವತ್ತೂ ಜಾಗ ಸಾಲದೆ ಹೋದದ್ದಿಲ್ಲ.

ಆ ಪಿಯಾನೊ ನನ್ನ ಮಾವ ಪೂವಪ್ಪನವರದು. ಅವರಿಗೆ ನುಡಿಸಲು ಬರುತ್ತದೆಯೇ ಎಂದು ಕೇಳಬೇಡಿ. ಅವರಿಗೆ ಬರುವುದು ದೋಸೆ ಹೊಯ್ಯುವುದು. ಹಿಂದೆ ಫೋರ್ಟ್‌ನಲ್ಲಿ ಒಬ್ಬ ಮುದುಕ ಪಾರ್ಸಿಯ ರೆಸ್ಟೋರೆಂಟನ್ನು ವಹಿಸಿಕೊಂಡಾಗ ಮೇಜು, ಕುರ್ಚಿ, ಕಪ್ಪು ಬಸಿಗಳ ಜೊತೆ ಇದೂ ಬಂದಿತ್ತು. ಬೇಡವಾದರೆ ಒಡೆದು ಒಲೆಗೆ ಹಾಕು ಎಂದಿದ್ದನಂತೆ ಆ ಪಾರ್ಸಿ. ಮಾವ ಒಡೆಯಲಿಲ್ಲ. ಆ ಜಾಗ ಬಿಟ್ಟು ಘಾಟ್ಕೋಪರ್ ಸ್ಟೇಷನ್ ಎದುರು ಸ್ವಂತ ಹೋಟೆಲು ಹಾಕಿದಾಗ ಪಿಯಾನೊವನ್ನು ಮನೆಗೆ ತಂದರು. ಬೇರೆ ಯಾವ ಹೋಟೆಲಿನವನ ಮನೆಯಲ್ಲೂ ಇಲ್ಲದ್ದು ನಮ್ಮಲ್ಲಿ ಉಂಟು ಎನ್ನುವ ಹೆಮ್ಮೆ ಅವರಿಗೆ. ಅತ್ತೆ ವಾರಿಜಾ ಮಾತ್ರ ಅದರ ಮುಚ್ಚಳದ ಮೇಲೆ ಹಳೇ ಸೀರೆ ಹಾಸಿ ಹಪ್ಪಳ ಒಣಗಿಸುತ್ತಿದ್ದರು.

ನುಡಿಸುವವಳು ನನ್ನ ಮಗಳು ರೇಷ್ಮಾ ಒಬ್ಬಳೇ. ಸಣ್ಣವಳಿದ್ದಾಗ ಅದನ್ನು ಸುಮ್ಮನೆ ಕುಟ್ಟುತ್ತ ಕೂತಿದ್ದವಳನ್ನು ನಾನೇ ಕೈಹಿಡಿದು ಬಾಂದ್ರಾದ ಲಿಲ್ಲಿ ಟೀಚರ್ ಹತ್ತಿರ ಸೇರಿಸಿದೆ. ಎಂಬತ್ತೊಂಬತ್ತರಲ್ಲಿ ಅವಳಿಗೆ ಹದಿನೆಂಟು. ನವೆಂಬರಿನಲ್ಲಿ ಕೊನೆಯ ಗ್ರೇಡಿನ ಪರೀಕ್ಷೆ, ಲಂಡನ್ನಿನಿಂದ ಪರೀಕ್ಷಕರು ಬಂದು ಮುಂದೆ ಕೂತು ಕೇಳುತ್ತಾರೆ. ಪಾಸಾದರೆ ವಿಲೆ ಪಾರ್ಲೆಯ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಕೆಲಸ ಕೊಡಿಸುತ್ತೇನೆಂದು ಲಿಲ್ಲಿ ಟೀಚರ್ ಮಾತು ಕೊಟ್ಟಿದ್ದರು. ಪಾಸಾಗದಿದ್ದರೆ ಏನು ಎನ್ನುವುದನ್ನು ಇವರು ಮೊದಲೇ ಹೇಳಿ ಮುಗಿಸಿದ್ದರು. ಇವರು ಅಂದರೆ ನನ್ನ ಗಂಡ ಜಯಕರ, ಮಾವನ ಜೊತೆ ಹೋಟೆಲು ನೋಡಿಕೊಳ್ಳುವವರು.

“ಇದು ಕಡೇ ಸಲ. ಪಾಸಾಗ್ಲಿಲ್ಲಾಂದ್ರೆ ಕ್ಲಾಸ್ ಬಂದ್. ಹೋಟ್ಲಿಗೆ ಬಂದು ಗಲ್ಲಾದಲ್ಲಿ ಕೂತ್ಕೊಳ್ಲಿ.”

ಎರಡನೇ ಪಿಯಾನೊ ಬಂದದ್ದು ಜುಲೈಯಲ್ಲಿ, ಇವರ ದುಬೈ ಗೆಳೆಯನೊಬ್ಬನ ಸಾಮಾನಿನ ಜೊತೆ. ಜಪಾನಿನದ್ದು, ಕರೆಂಟಿನದ್ದು. ದೊಡ್ಡ ದೊಡ್ಡ ಸ್ಟುಡಿಯೋದವರೇ ತರಿಸಿಕೊಳ್ಳುವಂಥದ್ದು ಎಂದು ಇವರು ಮೂರು ಸಲ ಹೇಳಿದರು. ಕಿಟಕಿಯ ಕೆಳಗೆ ಅದನ್ನಿಟ್ಟು, ಕೈ ತೊಳೆದುಕೊಂಡು ಬಂದು ಊಟಕ್ಕೆ ಕೂತರು. ಭಾನುವಾರ, ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ.

“ಎಂಬತ್ತೆಂಟು ಕೀ, ಒಂದೂ ಕಮ್ಮಿ ಇಲ್ಲ. ಒಳಗೆ ತಂತಿಯೇ ಇಲ್ಲದ ಮೇಲೆ ಟ್ಯೂನಿಂಗ್ ಎಲ್ಲಿಂದ ಬೇಕು? ಹೆಡ್‌ಫೋನ್ ಹಾಕಿದ್ರೆ ಹೊರಗೆ ಸದ್ದೇ ಇಲ್ಲ. ಒಳ್ಳೇ ಗ್ರ್ಯಾಂಡ್ ಪಿಯಾನೊದ ಶಬ್ದವನ್ನೇ ರೆಕಾರ್ಡ್ ಮಾಡಿ ಚಿಪ್‌ನಲ್ಲಿ ಹಾಕಿದ್ದಾರೆ.”

“ಕ್ಯಾಸೆಟ್ಟು ಅನ್ನು,” ಎಂದರು ಮಾವ, ಮೀನಿನ ಮುಳ್ಳು ಬಿಡಿಸುತ್ತ.

“ಕ್ಯಾಸೆಟ್ ಅಲ್ಲ ಅಪ್ಪಾ.”

“ರೆಕಾರ್ಡ್ ಮಾಡಿದ್ದು ಅಂದ್ಮೇಲೆ ಕ್ಯಾಸೆಟ್ಟೇ. ದೋಸೆ ಕೇಳಿದ ಗಿರಾಕಿಗೆ ದೋಸೆಯ ಫೋಟೋ ಕೊಟ್ರೆ ಸುಮ್ಮನೆ ಹೋಗ್ತಾನಾ?”

“ನಿಮ್ಮದೊಂದು ದೋಸೆ! ಈ ಮಳೆಗೆ ನಿಮ್ಮ ಪಿಯಾನೊದ ಅರ್ಧ ಕೀ ಒತ್ತಿದ್ದು ಮೇಲೆ ಬರ್ತಾ ಇಲ್ಲ. ಟ್ಯೂನರ್ ಬಂದು ಗೇಟು ದಾಟುವಷ್ಟರಲ್ಲಿ ಪುನಃ ಅಪಸ್ವರ. ಅದನ್ನು ಮಾರಿ ಹಾಲ್ ಖಾಲಿ ಮಾಡ್ವ. ಮನುಷ್ಯರು ಕೂತ್ಕೊಳ್ಳುವ ಹಾಗೆ ಆಗ್ಲಿ.”

“ಮಾರ್ಲಿಕ್ಕೆ ಅದೇನು ನಿನ್ನ ಅಪ್ಪನ ಸೊತ್ತಾ?”

“ಹೌದು, ನನ್ನ ಅಪ್ಪನದ್ದೇ!”

ಅತ್ತೆಗೆ ನಗು ಬಂತು. ಮಾವ ಬಟ್ಟಲನ್ನು ದೂಡಿ ಎದ್ದುಹೋದರು. ಹಾಕಿದ ಮೀನು ಹಾಗೇ ಉಳಿಯಿತು; ಬೆಳಿಗ್ಗೆಯಿಂದ ಒಲೆ ಮುಂದೆ ಬೆಂದವಳು ನಾನು, ಯಾರಿಗೆ ಹೇಳುವುದು?

ಸಂಜೆ ಮೇಲಿನ ಮನೆಯ ಭೀಮರಾಯರು ಇಳಿದು ಬಂದರು. ವಿಜಾಪುರ ಕಡೆಯವರು, ನಮ್ಮ ಸೊಸೈಟಿಯ ಸೆಕ್ರೆಟರಿ. ರೇಷ್ಮಾ ಕೂತು ಅರ್ಧ ಗಂಟೆಯಾಗುವಷ್ಟರಲ್ಲಿ ಮೇಲಿನಿಂದ ಕೋಲಿನಲ್ಲಿ ನೆಲ ಕುಟ್ಟುವವರು.

“ಜಯಕರವ್ರ, ಕಿವ್ಯಾಗ ಹಾಕ್ಕೊಂಡು ಬಾರ್ಸೂ ಪಿಯಾನೊ ತಂದೀರಂತಲ್ರಿ? ಭಾಳ ಚಲೋ ಆತು ನೋಡ್ರಿ. ನಮ್ಮ ತಲಿಶೂಲಿ ತಪ್ತು.”

“ತಲೆನೋವಿಗೆ ಗುಳಿಗೆ ತಕೊಳ್ಳಿ ಭೀಮರಾಯರೇ, ನನ್ನ ಪಿಯಾನೊ ಎಲ್ಲಿಗೂ ಹೋಗುದಿಲ್ಲ,” ಎಂದು ಮಾವ ಒಳಗಿನಿಂದಲೇ ಕೂಗಿದರು.

ಇವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಮರುದಿನ ಟ್ಯೂನರನ್ನು ಕರೆಸಿ ಹಳೆಯದನ್ನು ಶ್ರುತಿ ಮಾಡಿಸಿದರು. ಆಮೇಲೆ ಅಪ್ಪನನ್ನು ಗೋಡೆಯ ಕಡೆ ಮುಖ ಮಾಡಿಸಿ ಕುರ್ಚಿಯಲ್ಲಿ ಕೂರಿಸಿದರು. ರೇಷ್ಮಾ ಒಂದೇ ಹಾಡನ್ನು ಎರಡರಲ್ಲೂ ನುಡಿಸಬೇಕು, ತನ್ನದು ಯಾವುದೆಂದು ಮಾವ ಹೇಳಬೇಕು. ಹುಡುಗಿಗೆ ಇಷ್ಟವಿರಲಿಲ್ಲ. “ಪಪ್ಪಾ, ಛೋಡೋ ನಾ, ಇದೆಂಥ ನಾಟಕ,” ಎಂದು ಗೊಣಗುತ್ತಲೇ ನುಡಿಸಿದಳು.

ಮಾವ ಕಣ್ಣು ಮುಚ್ಚಿ ಕೇಳಿದರು. ಎರಡನೆಯದು ಮುಗಿದದ್ದೇ ತೊಡೆ ತಟ್ಟಿ, “ಇದು! ಇದು ನನ್ನದು. ಆ ಮೊದ್ಲಿನದ್ದು ತಗಡಿನ ಹಾಗೆ,” ಎಂದರು.

ಎರಡನೆಯದು ಜಪಾನಿನದ್ದು.

ಇವರು ಚಪ್ಪಾಳೆ ತಟ್ಟಿ ನಕ್ಕರು. ಹೆತ್ತ ತಂದೆಯ ಎದುರು ಹಾಗೆ ನಗಬಾರದಿತ್ತು. ಆದರೆ ಮಾವನೂ ಮಗನನ್ನು ಇಪ್ಪತ್ತು ವರ್ಷ ಆಳುಗಳ ಎದುರು ಬೈದವರೇ. ಸಾಲ ತೀರಿಸಿಕೊಂಡ ಹಾಗೆ ನಕ್ಕರು. ಮಾವ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ನಡೆದರು.

ರೇಷ್ಮಾ ಏನೋ ಹೇಳಲು ಬಾಯಿ ತೆರೆದಳು. ಯಾರೂ ಕೇಳಲಿಲ್ಲ. ನಾನು ಪಾತ್ರೆ ಒರೆಸುತ್ತಿದ್ದಾಗ ಅಡುಗೆಮನೆಗೆ ಬಂದು ನನ್ನನ್ನು ಎಳೆದುಕೊಂಡು ಹೋದಳು.

“ಅಮ್ಮಾ, ಕಿವಿಗೆ ಸೇಮ್. ಬೆರಳಿಗೆ ಸೇಮ್ ಅಲ್ಲ. ನೀನೇ ಒತ್ತಿ ನೋಡು. ಧೀರೇ ಸೇ.”

ಜಪಾನಿನದ್ದನ್ನು ಮೆಲ್ಲಗೆ ಒತ್ತಿದೆ. ಸಣ್ಣದಾಗಿ ಸ್ವರ ಬಂತು. ಹಳೆಯದನ್ನು ಅಷ್ಟೇ ಮೆಲ್ಲಗೆ ಒತ್ತಿದೆ. ಕೀ ಕೆಳಗೆ ಹೋಯಿತು, ಸ್ವರ ಮಾತ್ರ ಬರಲೇ ಇಲ್ಲ.

“ನೋಡಿದ್ಯಾ? ಇದ್ರಲ್ಲಿ ಒಳಗೆ ಸುತ್ತಿಗೆ ಉಂಟು, ಅದನ್ನು ಎತ್ತಿ ತಂತಿಗೆ ಮುಟ್ಟಿಸ್ಬೇಕು. ಮೆಲ್ಲಗೆ ನುಡಿಸ್ಲಿಕ್ಕೇ ಜಾಸ್ತಿ ತಾಕತ್ತು ಬೇಕು. ಅದ್ರಲ್ಲಿ ಹೇಗೆ ಒತ್ತಿದ್ರೂ ಬರ್ತದೆ, ಕೀ ಹಗುರ. ಎಗ್ಸಾಮಿಗೆ ಇಡುದು ಗ್ರ್ಯಾಂಡ್ ಪಿಯಾನೊ ಅಮ್ಮಾ. ನಂಗೆ ಎರಡೂ ಬೇಕು. ಇದನ್ನು ಮಾರ್ಲಿಕ್ಕೆ ಬಿಡ್ಬೇಡ.”

ಬಿಡುವುದಿಲ್ಲ ಎಂದೆ. ರಾತ್ರಿ ಇವರಿಗೂ ಹೇಳಿದೆ. “ಅವಳಿಗೆ ಅಜ್ಜ ಹೇಳಿಕೊಟ್ಟಿರ್ಬೇಕು,” ಎಂದು ಮಗ್ಗುಲು ತಿರುಗಿ ಮಲಗಿದರು.

ಆಗಸ್ಟಿನ ದೊಡ್ಡ ಮಳೆಯಲ್ಲಿ ಬಿಲ್ಡಿಂಗಿನ ಮೀಟರ್ ಕೋಣೆಗೆ ನೀರು ನುಗ್ಗಿ ಎರಡು ದಿನ ಕರೆಂಟಿಲ್ಲ. ಮಾವನಿಗೆ ಹಬ್ಬ. ಮೇಣದ ಬತ್ತಿ ಹಚ್ಚಿಟ್ಟುಕೊಂಡು, “ಜಯಕರಾ, ನಿನ್ನ ಜಪಾನಿನವ ಯಾಕೆ ಬಾಯಿ ಬಿಡ್ತಾ ಇಲ್ಲ ಮಾರಾಯ? ಉಪವಾಸವಾ?” ಎಂದು ಕೆಣಕಿದರು. ಇವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಹೀಗೆ ಒಂದು ದಿನ ಅಪ್ಪ ಊಟ ಬಿಡುವುದು, ಒಂದು ದಿನ ಮಗ ಬಿಡುವುದು. ಮಿಕ್ಕಿದ ಅನ್ನ ತಿಂದು ತಿಂದು ನಾನು ದಪ್ಪಗಾದೆ.

ಆ ಗೆಲುವು ಮಾವನ ತಲೆಗೇರಿತು. ತಮ್ಮ ಪಿಯಾನೊವನ್ನು ಸರಿ ಮಾಡಿ ತೋರಿಸುತ್ತೇನೆಂದು ಹೊರಟರು. ಮುಚ್ಚಳ ಎತ್ತಿ ನೋಡಿದರೆ ತಂತಿಗಳ ಮೇಲೆ ಅಲ್ಲಲ್ಲಿ ತುಕ್ಕು. ಕಬ್ಬಿಣಕ್ಕೆ ತುಕ್ಕು ಹಿಡಿದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ! ಒಂದು ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದಾಗ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ಬಟ್ಟೆಯ ಉಂಡೆಯನ್ನು ತೆಂಗಿನೆಣ್ಣೆಯಲ್ಲಿ ಅದ್ದಿ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ತಂತಿಗೂ ಸವರಿದರು. ತುಕ್ಕು ಹೆಚ್ಚಿದ್ದಲ್ಲಿ ಇನ್ನಷ್ಟು ಸುರಿದರು. ಆಮೇಲೆ ಕೈ ಒರೆಸಿಕೊಂಡು ಹೋಟೆಲಿಗೆ ಹೋದರು.

ಮಧ್ಯಾಹ್ನ ಕಾಲೇಜಿನಿಂದ ಬಂದ ರೇಷ್ಮಾ ಕೂತು ಕೈಯಿಟ್ಟಳು. ಧಪ್ ಎಂದಿತು. ಇನ್ನೊಂದು ಒತ್ತಿದಳು, ಧಪ್. ಕಂಬಳಿಯೊಳಗಿನಿಂದ ಬಂದ ಹಾಗೆ ಸದ್ದು. ಮುಚ್ಚಳ ಎತ್ತಿ ನೋಡಿ ಕಿರುಚಿದಳು. ತಂತಿಯ ಮೇಲೆಲ್ಲ ಎಣ್ಣೆ, ಎಣ್ಣೆಗೆ ಧೂಳು, ಕಿಟಕಿಯಿಂದ ಪಿಯಾನೊದ ಕಾಲಿನವರೆಗೆ ಇರುವೆ ಸಾಲು.

ಸಂಜೆ ಹೋಟೆಲಿನಿಂದ ಬಂದ ಮಾವ ತಾವೇ ಮಾಡಿದ್ದೆಂದು ಹೆಮ್ಮೆಯಿಂದ ಒಪ್ಪಿದರು.

“ಹೌದು, ನಾನೇ ಹಾಕಿದ್ದು. ಇಷ್ಟು ವರ್ಷದಲ್ಲಿ ನನ್ನ ಒಂದು ದೋಸೆ ಕಲ್ಲಿಗೆ ತುಕ್ಕು ಹಿಡ್ದದ್ದು ಉಂಟಾ, ಕೇಳು ಯಾರನ್ನಾದ್ರೂ.”

“ಮಾವ, ಇದು ದೋಸೆ ಕಲ್ಲಾ?” ಎಂದೆ. ನನ್ನ ದನಿ ಮೇಲಿನ ಮನೆಗೂ ಕೇಳಿರಬೇಕು. “ಮಗುವಿನ ಪರೀಕ್ಷೆಗೆ ಇನ್ನೆಷ್ಟು ದಿನ ಉಂಟು ಅಂತ ಗೊತ್ತುಂಟಾ ನಿಮಗೆ? ಕೇಳಿ ಮಾಡ್ಬಾರ್ದಾ?”

“ಮಾವನ ಹತ್ರ ಹಾಗೆ ಮಾತಾಡುದಾ ಜಲಜಾ?” ಎಂದು ಅತ್ತೆ ಎದ್ದರು.

“ಹೇಗೆ ಮಾತಾಡ್ಬೇಕು ಅತ್ತೆ? ಒಗ್ಗರಣೆಯೂ ಹಾಕಿ ಅಂತ ಹೇಳ್ಬೇಕಾ?”

ಇವರು ಬಂದವರು ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಷ್ಟರಲ್ಲಿ ಹೋಟೆಲಿನಲ್ಲಿ ಸಪ್ಲಾಯರಿನಿಂದ ಹಿಡಿದು ತಟ್ಟೆ ತೊಳೆಯುವವನವರೆಗೆ ಎಲ್ಲರಿಗೂ ಹೇಳಿದರು. ದೋಸೆ ಹೊಯ್ಯುವವರೆಲ್ಲ “ಅಣ್ಣೇರೇ, ಪಿಯಾನೊ ಮಸಾಲೆಯಾ ಸಾದಾವಾ?” ಎಂದು ಬೆನ್ನ ಹಿಂದೆ ನಗುವುದು ಮಾವನ ಕಿವಿಗೆ ಬಿತ್ತು. ಟ್ಯೂನರ್ ಬಂದು ನೋಡಿ, ತಂತಿ ಪೂರಾ ಬದಲಿಸಬೇಕು, ಒಳಗೆ ಸುತ್ತಿಗೆಗೆ ಅಂಟಿಸಿದ ಉಣ್ಣೆಯೂ ಎಣ್ಣೆ ಕುಡಿದಿದೆ, ವರ್ಷದೊಳಗೆ ಆಗುವ ಕೆಲಸವಲ್ಲ ಎಂದು ಹೇಳಿ ಹೋದ.

ಎರಡು ದಿನ ಅತ್ತು ಮೂರನೇ ದಿನ ನನ್ನ ಮಗಳು ಒಂದು ಉಪಾಯ ಕಂಡುಕೊಂಡಳು. ಸದ್ದು ಸತ್ತಿತ್ತು, ಕೀ ಸತ್ತಿರಲಿಲ್ಲ. ಒಳಗೆ ಸುತ್ತಿಗೆ ಏಳುತ್ತಿತ್ತು, ಬೀಳುತ್ತಿತ್ತು, ಭಾರವೂ ಹಾಗೇ ಇತ್ತು. ಪ್ರತಿ ಸಂಜೆ ಮೊದಲು ಹೆಡ್‌ಫೋನ್ ಹಾಕಿ ಜಪಾನಿನದ್ದರಲ್ಲಿ ನುಡಿಸಿ ಕಿವಿಗೆ ಪಾಠ ಮಾಡುವುದು. ಆಮೇಲೆ ಎಣ್ಣೆ ಪಿಯಾನೊದಲ್ಲಿ ಅದನ್ನೇ ನುಡಿಸಿ ಬೆರಳಿಗೆ ಪಾಠ. ಧಪ್ ಧಪ್ ಧಪ್ ಎಂದು ಗಂಟೆಗಟ್ಟಲೆ. ಲಿಲ್ಲಿ ಟೀಚರ್ ಅವಳ ಕೈ ನೋಡಿ, “ಬರಾಬ್ಬರ್ ಮಾಡ್ತಿದ್ದಿ, ಹೀಗೇ ಮಾಡು. ನಿಲ್ಲಿಸ್ಬೇಡ,” ಎಂದರಂತೆ. ಭೀಮರಾಯರ ಕೋಲೂ ಸುಮ್ಮನಿತ್ತು.

ಸುಮ್ಮನಿರಲಾರದವರು ಮಾವ. ಹೋಟೆಲಿನಿಂದ ಬಂದು ಕಾಲು ಚಾಚಿದರೆ ಎದುರಿಗೇ ಆ ಸದ್ದು. ಪ್ರತಿ ಧಪ್ಪೂ ಅವರಿಗೆ ಅವರ ತಪ್ಪನ್ನೇ ಹೇಳುತ್ತಿತ್ತು.

“ಸಾಕು ಮಗಾ, ನಿಲ್ಸು. ಬೇಕೂಂತ ಕುಟ್ತಿ ನೀನು, ನನ್ನ ತಲೆಗೆ ಕುಟ್ಟಿದ ಹಾಗೆ ಆಗ್ತದೆ.”

“ಇಲ್ಲ ಅಜ್ಜಾ, ಪ್ರಾಕ್ಟೀಸ್. ಸಚ್ಚಿ.”

“ಒಳ್ಳೇದು ಆ ಕಡೆ ಇಟ್ಟು ಈ ಸತ್ತದ್ದನ್ನು ಯಾಕೆ ಕುಟ್ಟುದು? ಜನ ನಗ್ತಾರೆ,” ಎಂದು ಇವರದ್ದೂ ಸೇರಿತು. ಅಪ್ಪನೂ ಮಗನೂ ಒಂದೇ ಮಾತು ಹೇಳಿದ್ದನ್ನು ನಾನು ಮೊದಲು ಕೇಳಿದ್ದು ಅವತ್ತು. ಕೇಳಿಯೂ ಸುಮ್ಮನೆ ತೆಂಗಿನಕಾಯಿ ತುರಿಯುತ್ತ ಕೂತೆ.

ದಸರಾ ಬಂತು. ಆಯುಧ ಪೂಜೆಯ ದಿನ ಹೋಟೆಲಿನಲ್ಲಿ ಗ್ರೈಂಡರು, ಗ್ಯಾಸಿನ ಒಲೆ, ದೋಸೆ ಕಲ್ಲು, ಎಲ್ಲಕ್ಕೂ ಕುಂಕುಮ, ಗೊಂಡೆ ಹೂವು. ಕುಂಬಳಕಾಯಿ ಒಡೆಯುವುದು ಯಾವತ್ತೂ ಮಾವ. ಆ ವರ್ಷ ಕಾಯಿಯನ್ನು ಮಗನ ಕೈಗೆ ಕೊಟ್ಟರಂತೆ. ಇವರಿಗೆ ಕಣ್ಣಲ್ಲಿ ನೀರೇ ಬಂತಂತೆ. ಮನೆಗೆ ಬಂದು ಇಬ್ಬರೂ ಪಕ್ಕಪಕ್ಕ ಕೂತು ಪಾಯಸ ಉಂಡರು. ಅತ್ತೆ ದೇವರಿಗೆ ಕೈ ಮುಗಿದರು. ನನಗೂ, ಸುಳ್ಳು ಯಾಕೆ, ಹೊಟ್ಟೆ ತಂಪಾಯಿತು. ತಿಂಗಳುಗಟ್ಟಲೆ ಆದ ಮೇಲೆ ಎರಡು ಬಟ್ಟಲೂ ಖಾಲಿ.

ಮರುದಿನ ವಿಜಯದಶಮಿ. ಅತ್ತೆ, ರೇಷ್ಮಾ, ನಾನು ಮುಲುಂಡಿನ ನನ್ನ ತಂಗಿಯ ಮನೆಗೆ ಊಟಕ್ಕೆ ಹೋಗಿ ಸಂಜೆ ತಿರುಗಿ ಬಂದೆವು. ಬಾಗಿಲು ತೆರೆದಿತ್ತು. ಹಾಲ್ ನಮ್ಮದಲ್ಲ ಅನ್ನುವಷ್ಟು ದೊಡ್ಡದಾಗಿ ಕಂಡಿತು. ಪಿಯಾನೊ ಇದ್ದ ಜಾಗದಲ್ಲಿ ಎರಡು ಕುರ್ಚಿ ಹಾಕಿಕೊಂಡು ತಂದೆ ಮಗ ಚಹಾ ಕುಡಿಯುತ್ತ ನಗುತ್ತಿದ್ದರು.

“ಬಾ, ಬಾ, ನೋಡು ಹೇಗೆ ಕಾಣ್ತದೆ,” ಎಂದರು ಇವರು. “ನಮ್ಮ ಹೋಟ್ಲಿಗೆ ಬರುವ ಒಬ್ಬ ಸಿನಿಮಾ ಸೆಟ್ಟಿನವ ಇದ್ದಾನೆ. ಶೂಟಿಂಗಿಗೆ ಬೇಕಂತೆ. ಶಬ್ದ ಬರ್ಬೇಕಾಗಿಲ್ಲ, ಚಂದ ಕಂಡ್ರೆ ಸಾಕಂತೆ. ಅಪ್ಪನೇ ಕೊಡುವ ಅಂದ್ರು.”

“ಇವನೇ ಟೆಂಪೋ ತಂದ,” ಎಂದರು ಮಾವ. “ಮತ್ತೆ ಸತ್ತದ್ದನ್ನು ಮನೆಯಲ್ಲಿ ಇಟ್ಕೊಂಡು ಎಂತ ಮಾಡುದು? ನಾನೂ ಹಟ ಮಾಡಿದೆ, ಅವನೂ ಮಾಡಿದ. ಮುಗೀತು.”

ರೇಷ್ಮಾ ಚಪ್ಪಲಿಯನ್ನೂ ಬಿಚ್ಚಲಿಲ್ಲ. “ಪಪ್ಪಾ, ಎಗ್ಸಾಮ್ ಮುಂದಿನ ತಿಂಗಳು.”

“ಗೊತ್ತುಂಟು. ಅದಕ್ಕೇ ಇದು ಇದೆಯಲ್ಲ? ಎಷ್ಟು ಹೊತ್ತಿಗೂ ನುಡಿಸು, ಯಾರೂ ಕೇಳುದಿಲ್ಲ.”

“ನಂಗೆ ಅದೂ ಬೇಕಿತ್ತು. ನಾನು ಹೇಳಿದ್ದೆ.”

“ಸದ್ದೇ ಇಲ್ಲದ್ದು ಯಾಕೆ ಮಗಾ?” ಎಂದರು ಮಾವ, ನಿಜವಾಗಿಯೂ ಅರ್ಥವಾಗದೆ.

ನನಗೆ ಬಂದ ಸಿಟ್ಟಿಗೆ ಬಾಯಲ್ಲಿ ಏನೇನು ಬಂತೋ! ಅಪ್ಪನಿಗೂ ಬೈದೆ, ಮಗನಿಗೂ ಬೈದೆ. ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಒಂದು ಸ್ವರ ನುಡಿಸಲು ಬರುತ್ತದಾ, ನುಡಿಸುವವಳನ್ನು ಒಂದು ಮಾತು ಕೇಳಲು ಎಂತ ರೋಗ ಎಂದೆ. ಈಗಲೇ ವಾಪಸು ತನ್ನಿ ಎಂದೆ. ಅದಾಗಲೇ ಎಲ್ಲೋ ಹೊರಗಿನ ಶೂಟಿಂಗಿಗೆ ಹೋಗಿಬಿಟ್ಟಿದೆ, ಕೊಟ್ಟ ಮಾತು ಕೊಟ್ಟಾಯಿತು ಎಂದರು ಇಬ್ಬರೂ, ಒಟ್ಟಿಗೆ. ಹಬ್ಬದ ದಿನ ಹೆಂಗಸಿಗೆ ಇಂಥ ಬಾಯಿ ಆಗದೆಂದು ಅತ್ತೆಯೂ ಅವರ ಪಕ್ಕ ನಿಂತರು.

ಲಿಲ್ಲಿ ಟೀಚರ್ ಮನೆಯಲ್ಲಿ ಪಿಯಾನೊ ಒಂದೇ, ಅದೇ ಪರೀಕ್ಷೆಗೆ ಕೂರುವ ಮಕ್ಕಳು ಸಾಲುಸಾಲು. ಎರಡು ಬಸ್ಸು ಬದಲಿಸಿ ಬಾಂದ್ರಾಕ್ಕೆ ಹೋದರೆ ಇವಳ ಪಾಲಿಗೆ ಸ್ವಲ್ಪ ಹೊತ್ತು ಸಿಗುತ್ತಿತ್ತು. ಉಳಿದಂತೆ ಮನೆಯಲ್ಲಿ ಹೆಡ್‌ಫೋನ್ ಹಾಕಿ ಜಪಾನಿನದ್ದರಲ್ಲಿ ಕೂರುವುದು. ತನಗೆ ಎಲ್ಲ ಸ್ವರವೂ ಚೆನ್ನಾಗಿಯೇ ಕೇಳುತ್ತದೆ, ಅದೇ ಹೆದರಿಕೆ ಎನ್ನುತ್ತಿದ್ದಳು.

ಪರೀಕ್ಷೆಯ ದಿನ ನಾನೇ ಜೊತೆಗೆ ಹೋದೆ. ಚರ್ಚ್‌ಗೇಟ್ ಹತ್ತಿರದ ಒಂದು ಸಭಾಂಗಣ. ಮುಚ್ಚಿದ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆ. ಮೊದಲ ಹಾಡು ತೀರ ಮೆಲ್ಲಗೆ ಶುರುವಾಗಬೇಕು. ಮನೆಯಲ್ಲಿ ಅದನ್ನು ಅಷ್ಟು ಸಲ ಕೇಳಿದ್ದೇನೆ, ಈರುಳ್ಳಿ ಹೆಚ್ಚುವಾಗ ನನ್ನ ಬಾಯಲ್ಲೇ ಬರುತ್ತಿತ್ತು. ಎರಡು ಸ್ವರ ಬಂತು. ಮೂರನೆಯದು ಬರಲಿಲ್ಲ. ಮತ್ತೆ ಒಂದು ಬಂತು, ಆಮೇಲಿನದು ಇಲ್ಲ. ಹೆದರಿದಳೋ ಏನೋ, ಗಟ್ಟಿಯಾಗಿ ಒತ್ತಿದಳು. ಮೆಲ್ಲಗೆ ಬರಬೇಕಾದ ಹಾಡು ಬಾಗಿಲು ಬಡಿದ ಹಾಗೆ ಕೇಳಿತು. ನಾನು ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತೆ. ಹೊರಗೆ ಬಂದವಳು, “ಅಮ್ಮಾ, ಬೆರಳು ಬರ್ಲಿಲ್ಲ,” ಎಂದಳು, ಅಷ್ಟೇ.

ಫಲಿತಾಂಶ ಬಂದದ್ದು ಜನವರಿಯಲ್ಲಿ. ಸ್ವಲ್ಪದರಲ್ಲಿ ಹೋಗಿತ್ತು. ವಿಲೆ ಪಾರ್ಲೆಯ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು.

ಅವತ್ತಿನ ಊಟಕ್ಕೆ ತಂದೆ ಮಗ ಪಕ್ಕಪಕ್ಕವೇ ಕೂತಿದ್ದರು.

“ನಾನು ಅವತ್ತೇ ಹೇಳಿದ್ದೆ, ಅದು ಕ್ಯಾಸೆಟ್ಟು ಅಂತ,” ಎಂದರು ಮಾವ.

“ತಂತಿಗೆ ಎಣ್ಣೆ ಹಾಕಿದ್ದು ನಾನಾ?”

“ಟೆಂಪೋ ತಂದದ್ದು ನಾನಾ?”

“ಕೊಡುವ ಅಂದದ್ದು ಯಾರು?”

ರೇಷ್ಮಾ ತಟ್ಟೆಯಿಂದ ತಲೆ ಎತ್ತಿದಳು. “ನೀವು ಜಗಳ ಆಡ್ತಾ ಇದ್ದಾಗ ನಂಗೆ ಪಿಯಾನೊ ಇತ್ತು,” ಎಂದಳು. “ಅಜ್ಜಾ, ಪಪ್ಪಾ, ನೀವು ರಾಜಿ ಆದ ದಿವ್ಸ ಹೋಯ್ತು.”

ಇವರು ಅನ್ನ ಕಲಸುತ್ತ, “ಆದದ್ದಾಯ್ತು. ಕ್ಲಾಸ್ ಸಾಕು. ಸೋಮವಾರದಿಂದ ಗಲ್ಲಾಕ್ಕೆ ಬರ್ಲಿ. ಅಲ್ವಾ ಅಪ್ಪಾ?” ಎಂದರು. ಮಾವ ಮೆಲ್ಲಗೆ ತಲೆ ಆಡಿಸಲು ಹೊರಟರು. ಆ ತಲೆ ಆಡುವುದನ್ನು ಕಂಡದ್ದೇ ನಾನು ಸಾರಿನ ಸೌಟು ಕೆಳಗಿಟ್ಟೆ.

“ಕ್ಲಾಸ್ ಬಂದ್ ಮಾಡುವವರು ನಾಳೆಯಿಂದ ಅಡುಗೆಯನ್ನೂ ಮಾಡ್ಕೊಳ್ಳಿ,” ಎಂದೆ. “ಮತ್ತೆ ಮಾವ, ಹೋಟ್ಲಿನಲ್ಲಿ ಎಲ್ರೂ ಇನ್ನೂ ನಗ್ತಾರಂತಲ್ಲ, ಪಿಯಾನೊ ಮಸಾಲೆ ಅಂತ? ಮೊದ್ಲು ಹೇಳಿದ್ದು ಯಾರು, ಕೇಳಿ ಇವರನ್ನು.”

ಮಾವನ ತಲೆ ಅಲ್ಲೇ ನಿಂತಿತು. ನಿಧಾನವಾಗಿ ಮಗನ ಕಡೆ ತಿರುಗಿದರು. “ನೀನಾ?” ಎಂದರು. ಆಮೇಲೆ ಬಟ್ಟಲು ದೂಡಿದ ಸದ್ದು ಮೇಲಿನವರೆಗೂ ಕೇಳಿರಬೇಕು. ಗಲ್ಲಾದ ಮಾತು ಅಲ್ಲಿಗೇ ನಿಂತಿತು. ರೇಷ್ಮಾ ಮತ್ತೆ ಬಾಂದ್ರಾಕ್ಕೆ ಹೋಗುತ್ತಾಳೆ, ಬರುವ ನವೆಂಬರಿಗೆ ಪುನಃ ಕೂರುತ್ತಾಳೆ.

ಆವತ್ತಿನಿಂದ ನಾನು ತಂದೆ ಮಗನಿಗೆ ಒಟ್ಟಿಗೆ ಬಡಿಸುವುದಿಲ್ಲ. ಮಾವನಿಗೆ ಮೊದಲು, ಅವರು ಕೈ ತೊಳೆದು ಒಳಗೆ ಹೋದ ಮೇಲೆ ಇವರಿಗೆ. ಸಾರು ಎರಡೆರಡು ಸಲ ಬಿಸಿ ಮಾಡಬೇಕು, ಗ್ಯಾಸು ಬೇಗ ಮುಗಿಯುತ್ತದೆ. ಅತ್ತೆಗೆ ಸೇರುವುದಿಲ್ಲ.

“ಒಟ್ಟಿಗೆ ಬಡಿಸಿದ್ರೆ ಎಂತ ಆಗ್ತದೆ ಜಲಜಾ?” ಎಂದು ಮೊನ್ನೆ ಕೇಳಿದರು.

“ಪುನಃ ರಾಜಿ ಆಗ್ತಾರೆ ಅತ್ತೆ,” ಎಂದೆ.